ಹತ್ತನೆಯ ಹಾಡಿನ ಜೊತೆದನಿ

ಬಿಸ್ಕತ್ತಿನ ಹಿಟ್ಟಿಗೆ ಮಜ್ಜಿಗೆ ಸುರಿದು ಕಲೆಸುತ್ತಿದ್ದೆ. ಎರಡೂ ಕೈ ಮಣಿಕಟ್ಟಿನವರೆಗೆ ಹಿಟ್ಟಾಗಿದ್ದಾಗಲೇ ಗೋಡೆಯ ಫೋನು ಬಡಿದುಕೊಂಡಿತು.

"ಡೀನಾ, ತಗೊಳ್ಳೇ."

ಡೀನಾ ಸ್ಟೂಲು ಎಳೆದುಕೊಂಡು ಹತ್ತಿದಳು. ಶಾಲೆಗೆ ರಜೆ ಬಿಟ್ಟು ಒಂದು ವಾರವಾಗಿತ್ತು. ಒಂಬತ್ತು ವರ್ಷದ ಹುಡುಗಿ ಬೆಳಿಗ್ಗೆ ಒಂಬತ್ತಾದರೂ ರಾತ್ರಿಯ ಅಂಗಿಯಲ್ಲೇ ಇದ್ದಳು, ತಲೆಯ ಮೇಲೆ ಮಾತ್ರ ನನ್ನ ಗಂಡ ವೆಂಡೆಲ್‌ನ ಹಳೆಯ ಟೋಪಿ.

"ಯಾರೋ ಮಿಸ್ಟರ್ ಹಾಲಿಸ್ ಅಂತಮ್ಮಾ. ಪಾಪ, ಗಂಟಲು ಕಟ್ಟಿದೆ ಅವರದ್ದು."

ಹಿಟ್ಟಿನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಡೀನಾ ರಿಸೀವರನ್ನು ನನ್ನ ಕಿವಿಗೆ ಒತ್ತಿ ಹಿಡಿದಳು, ತಾನೂ ಕೇಳಬೇಕೆಂದು ತನ್ನ ಕೆನ್ನೆಯನ್ನು ನನ್ನ ಕೆನ್ನೆಗೆ ಅಂಟಿಸಿದಳು.

"ನೆಲ್ಡಾ," ಎಂದಿತು ಆ ಕಡೆಯ ದನಿ. "ಇನ್ನೂ ಹಾಡ್ತೀಯಾ?"

ಹತ್ತು ವರ್ಷದ ಮೇಲೆ ಫೋನು ಮಾಡಿದವನು ಹೇಗಿದ್ದೀಯ ಎಂದೂ ಕೇಳಲಿಲ್ಲ.

"ಚರ್ಚಿನಲ್ಲಿ. ಭಾನುವಾರ. ಹಿಂದಿನ ಸಾಲಲ್ಲಿ ನಿಂತು."

"ನಾಳೆ ಹತ್ತು ಗಂಟೆಗೆ ನ್ಯಾಶ್‌ವಿಲ್ಲಿಗೆ ಬಾ. ಮೂರು ಬೆಳಿಗ್ಗೆ, ಹತ್ತು ಹಾಡು. ವಾದ್ಯದವರದ್ದೆಲ್ಲ ಹೋದ ವಾರವೇ ಟೇಪಿಗೆ ಹೋಗಿದೆ. ಹಾಡೋದೊಂದೇ ಬಾಕಿ."

"ಆ ಊರಲ್ಲಿ ಬೀದಿಗೆ ಹತ್ತು ಜನ ಜೊತೆದನಿಯವರಿದ್ದಾರೆ, ಹಾಲಿಸ್. ಯಾರೂ ಸಿಗಲಿಲ್ವಾ ನಿನಗೆ?"

"ಸಿಕ್ಕರು. ಒಳ್ಳೆಯವರೇ. ನನ್ನ ಉಸಿರು ಎಲ್ಲಿ ನಿಲ್ಲುತ್ತೆ ಅಂತ ಅವರಿಗೆ ಗೊತ್ತಿಲ್ಲ." ಸ್ವಲ್ಪ ಹೊತ್ತು ಬರೀ ಕೆಮ್ಮು ಕೇಳಿಸಿತು. "ಸೋಮವಾರ ಬೆಳಿಗ್ಗೆ ಧ್ವನಿಪೆಟ್ಟಿಗೆ ತೆಗೀತಾರೆ. ಪೂರ್ತಿ. ತೆಗೆದರೂ ಒಂದು ವರ್ಷ ದಾಟೋದು ಮೂವರಲ್ಲಿ ಒಬ್ಬ ಅಂತೆ. ಈ ರೆಕಾರ್ಡು ಅಷ್ಟರೊಳಗೆ ಮುಗೀಬೇಕು ಕಣೇ."

ಆ ದಿನ ಬಿಸ್ಕತ್ತು ಕಲ್ಲಾಯಿತು. ಡೀನಾ ಜೇನುತುಪ್ಪದಲ್ಲಿ ಅದ್ದಿಕೊಂಡು ಸುಮ್ಮನೆ ತಿಂದಳು.

"ಅವರು ಯಾರಮ್ಮಾ?"

"ಹಿಂದೆ ನನ್ನ ಜೊತೆ ಹಾಡ್ತಿದ್ದವರು."

"ನೀನು ಹಾಡ್ತಿದ್ದೆಯಾ? ಜನರ ಮುಂದೆ?" ಅವಳು ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಇನ್ನೇನೋ ಕೇಳಲು ಬಾಯಿ ತೆರೆದು, ಬಿಸ್ಕತ್ತನ್ನು ತುರುಕಿಕೊಂಡಳು.

ಹಾಲಿಸ್ ಟ್ಯಾಕೆಟ್ ಮತ್ತು ನಾನು ಮೂರು ವರ್ಷ ಒಂದೇ ಮೈಕಿನ ಎರಡು ಬದಿಯಲ್ಲಿ ನಿಂತು ಹಾಡಿದವರು. ಮುಖ್ಯ ಹಾಡುಗಾರ ಅವನು. ಅವನ ದನಿಯ ಮೇಲೆ ತೆಳ್ಳಗೆ ಹಾಸುವ ಜೊತೆದನಿ ನನ್ನದು. ಕೇಳುವವರಿಗೆ ಅದು ಸುಲಭದ ಕೆಲಸ. ಅದರಲ್ಲಿರುವುದು ಒಂದೇ ವಿದ್ಯೆ: ಎದುರಿನವನ ಬಾಯಿಯಿಂದ ಕಣ್ಣು ತೆಗೆಯಬಾರದು. ಅವನ ಕೆಳತುಟಿ ಅಲುಗಿದರೆ ನಿನ್ನದೂ ಅಲುಗಬೇಕು. ಅವನು ಉಸಿರೆಳೆದರೆ ನೀನೂ ಎಳೆಯಬೇಕು. ಪದದ ಕೊನೆಯನ್ನು ಅವನು ನುಂಗಿದರೆ ನೀನೂ ನುಂಗಬೇಕು. ದಿನಕ್ಕೆ ನಾಲ್ಕು ಗಂಟೆಯಂತೆ ಮೂರು ವರ್ಷ ಒಬ್ಬ ಗಂಡಸಿನ ಬಾಯನ್ನೇ ನೋಡಿದ ಹೆಂಗಸಿಗೆ ಏನಾಗುತ್ತದೋ ಅದೇ ನನಗೂ ಆಯಿತು.

ನಮ್ಮಿಬ್ಬರಿಗೂ ಒಂದು ಕೆಟ್ಟ ಅಭ್ಯಾಸವಿತ್ತು. ಮುಖ್ಯವಾದ ಮಾತನ್ನು ನಾವು ಆಡುತ್ತಿರಲಿಲ್ಲ, ಹಾಡುತ್ತಿದ್ದೆವು. ಜಗಳವಾದರೆ ಮಾರನೆಯ ದಿನ ಅವನೊಂದು ಹಾಡು ಬರೆದು ತರುತ್ತಿದ್ದ. ಎರಡನೆಯ ಚರಣದಲ್ಲಿ ಎಲ್ಲೋ ಒಂದು ಕಡೆ ಕ್ಷಮೆ ಕೇಳಿರುತ್ತಿದ್ದ. ನಾನು ಮುನಿಸು ಬಿಟ್ಟೆನೋ ಇಲ್ಲವೋ ಎಂಬುದು ಜೊತೆದನಿಯಲ್ಲೇ ಅವನಿಗೆ ಗೊತ್ತಾಗುತ್ತಿತ್ತು. ನನ್ನನ್ನು ಪ್ರೀತಿಸುತ್ತೇನೆ ಎಂದು ಅವನು ಹೇಳಿದ್ದೂ ಹಾಗೆಯೇ, ಹೆದ್ದಾರಿ ಪಕ್ಕದ ಬಾರಿನಲ್ಲಿ, ಅರವತ್ತು ಮಂದಿ ಲಾರಿ ಡ್ರೈವರುಗಳ ಮುಂದೆ. ಅವರು ಶಿಳ್ಳೆ ಹೊಡೆದರು. ಅರ್ಥವಾದದ್ದು ನನಗೊಬ್ಬಳಿಗೇ.

ಆಮೇಲೆ ಅವನ ಮೊದಲ ಆಲ್ಬಮ್ಮಿಗೆ ಒಪ್ಪಂದವಾಯಿತು. ಕಂಪನಿಯವರಿಗೆ ಅವನೊಬ್ಬನೇ ಬೇಕಾಗಿದ್ದ. ಅವನು ಬಸ್ಸು ಹತ್ತಿ ಊರೂರು ಸುತ್ತಲು ಹೋದ. ಮೂರನೆಯ ತಿಂಗಳಲ್ಲಿ ನನಗೆ ಬಸಿರು ಎಂದು ತಿಳಿಯಿತು. ಅವನು ಇಳಿದುಕೊಂಡಿದ್ದ ಮೋಟೆಲಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ, "ತಡಿ ತಡಿ, ಇದನ್ನ ಕೇಳು," ಎಂದು ಗಿಟಾರ್ ಎತ್ತಿಕೊಂಡ. ಬಾಗಿಲಲ್ಲಿ ಯಾರೂ ಕಾಯದ ಮನೆ ಎಷ್ಟು ಹಗುರ, ತೊಟ್ಟಿಲು ತೂಗದ ಕೈ ಎಷ್ಟು ಹಗುರ ಎಂಬ ಹಾಡು. ಮುಗಿಸಿ, "ಹೇಗಿದೆ?" ಎಂದ. "ಚೆನ್ನಾಗಿದೆ," ಎಂದು ಫೋನಿಟ್ಟೆ. ಕೇಳುವ ಮೊದಲೇ ನನಗೆ ಉತ್ತರ ಸಿಕ್ಕಿತ್ತು.

ಆರು ವಾರದ ಮೇಲೆ ವೆಂಡೆಲ್‌ನನ್ನು ಮದುವೆಯಾದೆ. ಅವನದು ದನದ ಮೇವಿನ ಅಂಗಡಿ. ಎಲ್ಲ ಗೊತ್ತಿದ್ದೇ ಮಾಡಿಕೊಂಡ. "ಮಗು ನನ್ನದು ಅಂತಲೇ ಇರಲಿ, ನೆಲ್ಡಾ. ಅರ್ಧಂಬರ್ಧ ಅಪ್ಪ ಆಗೋಕೆ ನನಗೆ ಬರಲ್ಲ," ಎಂದಿದ್ದ. ಆರು ವರ್ಷ ಪೂರಾ ಅಪ್ಪನಾಗಿಯೇ ಇದ್ದ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಮೂಟೆ ಇಳಿಸುತ್ತಿದ್ದವನು ಎದೆ ಹಿಡಿದುಕೊಂಡು ಕುಳಿತ, ಮತ್ತೆ ಏಳಲಿಲ್ಲ.

ಮಗುವಿನ ವಿಷಯ ಹಾಲಿಸ್‌ಗೆ ನಾನು ಹೇಳಿರಲಿಲ್ಲ. ಡೀನಾಳಿಗೂ ಹೇಳಿರಲಿಲ್ಲ. ಹೇಳಿದರೆ, ಸತ್ತ ಅಪ್ಪನನ್ನು ಅವಳಿಂದ ಕಿತ್ತುಕೊಂಡು ಸಾಯುತ್ತಿರುವವನೊಬ್ಬನನ್ನು ಕೈಗೆ ಕೊಟ್ಟಂತೆ. ಹೇಳದಿದ್ದರೆ, ಸೋಮವಾರದ ಮೇಲೆ 'ಮಗಳೇ' ಎಂದು ಒಂದೇ ಒಂದು ಸಲ ಕರೆಯಲೂ ಅವನಲ್ಲಿ ದನಿ ಇರುವುದಿಲ್ಲ.

ಆ ರಾತ್ರಿಯ ಪಾತ್ರೆ ತೊಳೆಯುವಾಗ ಎರಡನ್ನೂ ಹತ್ತು ಸಲ ತೂಗಿ ನೋಡಿದೆ. ಪಾತ್ರೆ ಮುಗಿಯಿತು.

*

ಡೀನಾಳನ್ನು ಬಿಟ್ಟುಹೋಗಲು ಯಾರೂ ಇರಲಿಲ್ಲ. ಎರಡು ಗಂಟೆಯ ದಾರಿ. ಅವಳು ಕಾಲನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲಿಟ್ಟುಕೊಂಡು ಕೂತಿದ್ದಳು.

"ಅಪ್ಪ ಇದ್ದಿದ್ರೆ ಬರ್ತಿದ್ರಾ?"

"ಬರದೆ ಏನು. ಕಾರು ಅವರೇ ಓಡಿಸ್ತಿದ್ರು."

"ಆಮೇಲೆ ಹಾಡು ಶುರುವಾದ ತಕ್ಷಣ ನಿದ್ದೆ."

"ಗೊರಕೇನೂ ಟೇಪಿಗೆ ಹೋಗ್ತಿತ್ತು."

ಇಬ್ಬರೂ ನಕ್ಕೆವು. ಅವಳು ಮೊದಲು ನಿಲ್ಲಿಸಿದಳು.

ಸ್ಟುಡಿಯೋ ಎಂದರೆ ಇಟ್ಟಿಗೆಯ ಒಂದು ಸಾದಾ ಮನೆ, ಒಳಗೆ ಗೋಡೆಗೂ ಜಮಖಾನ ಹೊಡೆದಿದ್ದಾರೆ. ಹಳೆಯ ಕಾಫಿಯ ವಾಸನೆ. ಗಾಜಿನ ಆಚೆ ಟೇಪಿನ ಯಂತ್ರಗಳ ನಡುವೆ ಓರ್ವಿಲ್ ಕೂತಿದ್ದ. ನಲವತ್ತು ವರ್ಷದಿಂದ ಈ ಊರಿನ ಹಾಡುಗಳನ್ನು ಟೇಪಿಗಿಳಿಸುತ್ತಿರುವ ಮುದುಕ. ನನ್ನನ್ನು ನೋಡಿ ಟೋಪಿ ಮುಟ್ಟಿದ.

ಹಾಲಿಸ್ ಗೋಡೆಗೊರಗಿ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೇಲಿನ ಗುಂಡಿ ಹಾಕಿದ್ದರೂ ಕಾಲರಿನೊಳಗೆ ಎರಡು ಬೆರಳು ಆಡುವಷ್ಟು ಜಾಗ.

"ವಯಸ್ಸಾಯ್ತು ನಿನಗೆ," ಎಂದ.

"ನಿನ್ನ ಮನೇಲಿ ಕನ್ನಡಿ ಇಲ್ವಾ?"

"ಇತ್ತು. ಎರಡನೇ ಹೆಂಡತಿ ತಗೊಂಡು ಹೋದಳು."

ಆ ನಗು ಹಾಗೆಯೇ ಇತ್ತು, ಎಡಗಡೆಗೆ ಸ್ವಲ್ಪ ಹೆಚ್ಚು ಏಳುವ ನಗು. ನಾನು ಕೈಚೀಲದ ಜಿಪ್ಪನ್ನು ಸುಮ್ಮನೆ ತೆಗೆದು ಹಾಕಿದೆ. ಅವನ ಕಣ್ಣು ಕೆಳಗಿಳಿಯಿತು.

"ಇವರು?"

"ನನ್ನ ಮಗಳು, ಡೀನಾ."

ಅವನು ಗೋಡೆ ಬಿಟ್ಟು ನೆಟ್ಟಗೆ ನಿಂತು ತನ್ನ ಹ್ಯಾಟ್ ತೆಗೆದ. "ಡೀನಾ ಮೇಡಂ, ನಿಮ್ಮ ಟೋಪಿ ನನ್ನದಕ್ಕಿಂತ ಚೆನ್ನಾಗಿದೆ. ಅದಲು ಬದಲು ಮಾಡಿಕೊಳ್ಳೋಣವಾ?"

"ಇಲ್ಲ ಸರ್. ಇದು ನಮ್ಮಪ್ಪಂದು."

"ಹಾಗಾದ್ರೆ ಕೇಳಿದ್ದು ನನ್ನ ತಪ್ಪು."

"ಪರವಾಗಿಲ್ಲ ಸರ್."

ಒಂದು ಮೈಕು, ಎರಡು ಹೆಡ್‌ಫೋನು. ಬೇರೆಯವರೆಲ್ಲ ಈಗ ಬೇರೆ ಬೇರೆ ನಿಂತು, ಬೇರೆ ಬೇರೆ ದಿನ ಹಾಡಿ, ಆಮೇಲೆ ಕೂಡಿಸುತ್ತಾರೆ. ಹಾಲಿಸ್ ಒಪ್ಪಿರಲಿಲ್ಲ. ಎದುರುಬದುರು ನಿಂತೆವು. ನಮ್ಮ ಮುಖಗಳ ನಡುವೆ ಒಂದು ಗೇಣು.

ಮೊದಲ ಹಾಡು ಎರಡನೆಯ ಸಾಲಿಗೇ ಕೆಟ್ಟಿತು.

"ಬಾಯಿ ನೋಡು, ಕಣ್ಣಲ್ಲ," ಎಂದ ಹಾಲಿಸ್.

"ಬಾಯೇ ನೋಡ್ತಿದ್ದೀನಿ."

"ಸುಳ್ಳು. ಕಣ್ಣು ನೋಡಿದಾಗ ನೀನು ಕೂದಲೆಳೆಯಷ್ಟು ಹಿಂದೆ ಬೀಳ್ತೀಯ. ಆಗಲೂ ಹಾಗೇ."

"ಆಗ ನೀನು ಬಾಯಿ ನೋಡೋ ಹಾಗಿದ್ದೆ. ಈಗ ಗಡ್ಡ ಬಿಟ್ಟಿದ್ದೀಯ."

"ಓರ್ವಿಲ್," ಎಂದ ಅವನು ಗಾಜಿನ ಕಡೆ ತಿರುಗದೆ, "ಹತ್ತು ನಿಮಿಷ ಬಿಡುವು. ಗಡ್ಡ ತೆಗೆದು ಬರ್ತೀನಿ."

ನಿಜಕ್ಕೂ ಹೋಗಿ ತೆಗೆದುಕೊಂಡು ಬಂದ. ಗಲ್ಲದ ಮೇಲೆ ಒಂದು ಗೀರು, ಅದಕ್ಕೆ ಅಂಟಿಸಿದ ಕಾಗದದ ಚೂರು. ಆ ಚೂರನ್ನು ನೋಡುತ್ತಾ ನಾನು ಮೂರು ಹಾಡು ಹಾಡಿದೆ. ಹತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದ ದನಿ ಅವನ ದನಿಯ ಪಕ್ಕಕ್ಕೆ ಹೋಗಿ ತನ್ನ ಜಾಗದಲ್ಲಿ ಕೂತಿತು, ಈಗಷ್ಟೇ ಹೊರಗೆ ಹೋಗಿ ಬಂದವಳ ಹಾಗೆ. ಅವನ ಉಸಿರು ಮೊದಲಿಗಿಂತ ಗಿಡ್ಡವಾಗಿತ್ತು. ಸಾಲಿನ ನಡುವೆ ಎಲ್ಲೆಲ್ಲೋ ತುಂಡಾಗುತ್ತಿತ್ತು. ನನ್ನದನ್ನೂ ಅಲ್ಲಲ್ಲೇ ತುಂಡು ಮಾಡಿದೆ. ಹನ್ನೆರಡರ ಹೊತ್ತಿಗೆ ಅವನ ದನಿ ತಳ ಕಂಡಿತು. ಕರವಸ್ತ್ರವನ್ನು ಬಾಯಿಗಿಟ್ಟು ತೆಗೆದು, ನನಗೆ ಕಾಣದಂತೆ ಮಡಿಸಿದ. ಕಂಡಿತ್ತು.

ಡೀನಾ ಗಾಜಿನ ಆಚೆ ಓರ್ವಿಲ್ ಪಕ್ಕ ಕೂತು ಕೋಕ್ ಕುಡಿಯುತ್ತಾ, ನಮ್ಮಿಬ್ಬರ ಬಾಯನ್ನೇ ನೋಡುತ್ತಿದ್ದಳು.

*

ಗುರುವಾರ ಐದು ಹಾಡು ಮುಗಿಸಿದೆವು. ನಡುವೆ ಒಂದು ಬಿಡುವಿನಲ್ಲಿ ನಾವಿಬ್ಬರೂ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತೆವು. ಅವನ ಅಕ್ಕ ಕಳಿಸಿದ್ದ ಫ್ಲಾಸ್ಕಿನಲ್ಲಿ ಬಿಸಿನೀರು, ನಿಂಬೆ. ಎರಡು ಲೋಟಕ್ಕೆ ಸುರಿದ. ನುಂಗುವಾಗ ಅವನ ಮುಖದ ಒಂದು ಬದಿ ಕಿವುಚುತ್ತಿತ್ತು, ಅದನ್ನು ಕೆಮ್ಮಿನಲ್ಲಿ ಮರೆಮಾಚುತ್ತಿದ್ದ.

"ವೆಂಡೆಲ್ ಒಳ್ಳೆಯವನಿದ್ನಾ?"

"ಒಳ್ಳೆಯವರಿದ್ರು."

"ಕಾಗದ ಬರೆದೆ ನೀನು. ನಾಲ್ಕು ಸಾಲು. ಮೇವಿನ ಅಂಗಡಿಯವನನ್ನ ಮದುವೆ ಆಗ್ತಿದ್ದೀನಿ, ಹುಡುಕಬೇಡ ಅಂತ." ಲೋಟದೊಳಗೆ ನೋಡುತ್ತಾ ಹೇಳಿದ. "ಹುಡುಕಲಿಲ್ಲ. ಹುಡುಕಬೇಕಾಗಿತ್ತೇನೋ."

"ಯಾಕೆ ಹುಡುಕ್ತೀಯ? ಉತ್ತರ ನೀನೇ ಹೇಳಿದ್ದೆಯಲ್ಲ."

"ನಾನೇನು ಹೇಳಿದ್ದೆ?"

"ಫೋನಲ್ಲಿ. ಯಾರೂ ಕಾಯದ ಮನೆ, ತೊಟ್ಟಿಲು ತೂಗದ ಕೈ."

ಅವನು ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ನೆಲ್ಡಾ, ಅದು ನನ್ನ ಹಾಡಲ್ಲ."

"ಏನು ಹಾಗಂದ್ರೆ?"

"ನಾನು ಬರೆದದ್ದಲ್ಲ. ಆಲ್ಬಮ್ಮಿಗೆ ಒಂದು ಚುರುಕಿನ ಹಾಡು ಕಡಿಮೆ ಇತ್ತು. ಕಂಪನಿಯವರು ಯಾರದ್ದೋ ಹಾಡು ಕೊಟ್ಟು ಇದನ್ನ ಹಾಡು ಅಂದ್ರು. ಅವತ್ತು ಮಧ್ಯಾಹ್ನ ಕಲಿತಿದ್ದೆ. ಚೆನ್ನಾಗಿಲ್ಲ ಅಂತ ನೀನು ಹೇಳಿದ್ರೆ ಬಿಟ್ಟುಬಿಡೋಣ ಅಂತ ನಿನಗೆ ಕೇಳಿಸಿದೆ."

ಮೆಟ್ಟಿಲ ಸಂದಿಯಲ್ಲಿ ಇರುವೆಗಳು ಹೋಗುತ್ತಿದ್ದವು. ನಾನು ಅವನ್ನೇ ನೋಡಿದೆ.

"ಅದನ್ನ ಹೇಳಬಾರದಿತ್ತಾ?" ಎಂದೆ.

"ನೀನು ಕೇಳಬಾರದಿತ್ತಾ?"

ಬೇರೆ ಯಾರಾದರೂ ಹೆಂಗಸಾಗಿದ್ದರೆ ಕೇಳುತ್ತಿದ್ದಳು. ಮೇವಿನ ಅಂಗಡಿಗೆ ಬರುವ ಯಾವ ಹೆಂಗಸೂ ಒಂದು ಹಾಡು ಕೇಳಿ ಜೀವನ ಬದಲಾಯಿಸಿಕೊಳ್ಳುವುದಿಲ್ಲ. ಹಾಗೆ ಮಾಡುವವರು ನಾವೇ, ಹಾಡನ್ನೇ ಮಾತೆಂದುಕೊಂಡವರು. ಯಾವನೋ, ಹೆಸರೂ ಗೊತ್ತಿಲ್ಲದವನು, ಯಾವುದೋ ಮೇಜಿನ ಮುಂದೆ ಕೂತು ಬರೆದ ಮೂರು ಚರಣ. ಅದನ್ನು ನಂಬಿ ನಾನು ಮನೆ ಕಟ್ಟಿದೆ, ಮಗು ಹೆತ್ತೆ, ಗಂಡನನ್ನು ಮಣ್ಣು ಮಾಡಿದೆ.

ಹಾಲಿಸ್ ನನ್ನ ಕೈಯನ್ನು ಹಿಡಿಯಲಿಲ್ಲ. ತನ್ನ ಕಿರುಬೆರಳನ್ನು ನನ್ನ ಕಿರುಬೆರಳ ಪಕ್ಕಕ್ಕೆ ತಂದಿಟ್ಟ, ತಾಗಿಯೂ ತಾಗದ ಹಾಗೆ.

"ನಿನ್ನ ಬಿಟ್ಟ ಮೇಲೆ ನಾನು ಎಲ್ಲೇ ಹಾಡಿದ್ರೂ ಮೈಕಿನ ಎದುರುಗಡೆ ಒಬ್ಬರಷ್ಟು ಜಾಗ ಬಿಟ್ಟು ನಿಲ್ತಿದ್ದೆ," ಎಂದ. "ಬೆಳಕು ಹಾಕೋ ಹುಡುಗರು ಬೈತಿದ್ರು. ಖಾಲಿ ಜಾಗಕ್ಕೆ ಯಾಕೆ ಬೆಳಕು ಕೇಳ್ತೀಯ ಅಂತ."

"ಇದನ್ನ ಹಾಡಲಿಲ್ಲ ನೀನು. ಬಾಯಿಬಿಟ್ಟು ಹೇಳಿದೆ."

"ಹಾಡೋಕೆ ಉಸಿರು ಉಳಿದಿಲ್ಲವಲ್ಲ."

ನನಗೆ ನಗು ಬಂತು. ಅದರ ಹಿಂದೆಯೇ ಬಂದದ್ದು ನಗುವಲ್ಲ. ಅವನ ಭುಜಕ್ಕೆ ಹಣೆ ಒತ್ತಿದೆ. ಅಂಗಿಯೊಳಗೆ ಮೂಳೆ ಸಿಕ್ಕಿತು. ಅವನ ತುಟಿ ನನ್ನ ಬೈತಲೆಯ ಮೇಲೆ ಇಳಿದು ಅಲ್ಲೇ ನಿಂತಿತು. ಈಗ ಹೇಳಬೇಕು, ಇದೇ ಗಳಿಗೆ, ಎಂದುಕೊಂಡೆ. ತಲೆ ಎತ್ತಿದೆ.

"ಹಾಲಿಸ್..."

"ಒಂದು ಮಾತ್ರ ಒಳ್ಳೇದಾಯ್ತು," ಎಂದ ಅವನು ಅದೇ ಹೊತ್ತಿಗೆ. "ನನಗೆ ಮಕ್ಕಳಿಲ್ಲದ್ದು. ಸೋಮವಾರದ ಮೇಲೆ ಇಲ್ಲೊಂದು ತೂತು ಇರುತ್ತೆ," ಕೊರಳು ಮುಟ್ಟಿಕೊಂಡ, "ಇದನ್ನ ಒಂದು ಮಗುವಿಗೆ ತೋರಿಸೋ ಕಷ್ಟ ಇಲ್ಲ. ನೀನೇನೋ ಹೇಳೋಕೆ ಬಂದೆ?"

ಇದೂ ಯಾರೋ ಬರೆದುಕೊಟ್ಟ ಹಾಡೋ, ಅವನದೇ ಮಾತೋ? ಕೇಳಬೇಕಾಗಿತ್ತು. ಎರಡು ನಿಮಿಷದ ಹಿಂದಷ್ಟೇ ಕೇಳದೆ ಇದ್ದುದಕ್ಕೆ ಅತ್ತವಳು ನಾನು.

"ಏನಿಲ್ಲ," ಎಂದೆ. "ನೀರು ಆರ್ತಿದೆ, ಕುಡಿ."

ಹಿಂದೆ ಜಾಲರಿ ಬಾಗಿಲು ಕಿರುಗುಟ್ಟಿತು. ಡೀನಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

"ಮಿಸ್ಟರ್ ಓರ್ವಿಲ್ ಕರೀತಿದ್ದಾರೆ," ಎಂದಳು. ಆಮೇಲೆ ಹಾಲಿಸ್ ಕಡೆಗೆ, "ನೋಯುತ್ತಾ ನಿಮಗೆ?"

"ಹಾಡುವಾಗ ಇಲ್ಲ ಮೇಡಂ."

"ಹಾಗಾದ್ರೆ ಬನ್ನಿ, ಹಾಡಿ."

ಮನೆಗೆ ಹಿಂತಿರುಗುವ ದಾರಿಯಲ್ಲಿ ಅವಳು ಎರಡು ಸಲ "ಅಮ್ಮಾ" ಎಂದಳು. ಎರಡು ಸಲವೂ "ಏನು ಪುಟ್ಟೀ?" ಎಂದೆ. ಮೊದಲನೆಯ ಸಲ "ಹಸಿವು" ಎಂದಳು. ಎರಡನೆಯ ಸಲ "ಏನಿಲ್ಲ" ಎಂದಳು, ಥೇಟು ನನ್ನ ಹಾಗೆಯೇ.

*

ಶುಕ್ರವಾರಕ್ಕೆ ಉಳಿದದ್ದು ಎರಡು ಹಾಡು. ಒಂಬತ್ತನೆಯದು ಹೇಗೋ ಮುಗಿಯಿತು. ಹಾಲಿಸ್‌ನ ಅಕ್ಕ ಬೆಳಿಗ್ಗೆಯೇ ಬಂದು ಹೊರಗೆ ಕಾರಿನಲ್ಲಿ ಕೂತಿದ್ದಳು. ಹಾಡು ಮುಗಿದ ಕೂಡಲೇ ಅವನನ್ನು ಆಸ್ಪತ್ರೆಗೆ ಸೇರಿಸಬೇಕಿತ್ತು.

ಹತ್ತನೆಯ ಹಾಡು ಅವನೇ ಬರೆದದ್ದು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆದೆ ಎಂದ. ನನ್ನ ಕೋಟನ್ನು ಯಾರಿಗಾದರೂ ಕೊಟ್ಟುಬಿಡು, ಜೇಬು ಮಾತ್ರ ನೋಡಬೇಡ, ನಿನಗೆ ಬರೆದು ಕಳಿಸದ ಕಾಗದ ಇನ್ನೂ ಅಲ್ಲೇ ಇದೆ. ಅಷ್ಟೇ ಹಾಡು. ಅಷ್ಟನ್ನೇ ತಿರುಗಿಸಿ ತಿರುಗಿಸಿ ಹಾಡಬೇಕು.

ಮೊದಲ ಸಲ ಜೇಬಿನ ಸಾಲಿಗೆ ಬಂದಾಗ ನನ್ನ ದನಿ ನಡುಗಿತು. ಎರಡನೆಯ ಸಲ ಒಡೆಯಿತು. ಮೂರನೆಯ ಸಲ ಬಾಯಿ ತೆರೆದರೆ ಏನೂ ಬರಲಿಲ್ಲ.

"ಬಾಯಿ ನೋಡು," ಎಂದ ಹಾಲಿಸ್ ಮೆಲ್ಲಗೆ.

"ನೋಡ್ತಿದ್ದೀನಿ. ಅದಕ್ಕೇ ಆಗ್ತಿಲ್ಲ."

ಓರ್ವಿಲ್ ಹೆಡ್‌ಫೋನಿನಲ್ಲಿ ಗಂಟಲು ಸರಿಮಾಡಿಕೊಂಡ. "ಹಾಲಿಸ್, ನಿನ್ನಲ್ಲಿ ಇನ್ನು ಒಂದೇ ಒಂದು ಸಲಕ್ಕೆ ಆಗೋಷ್ಟು ದನಿ ಇದೆ. ಹೆಚ್ಚಿಲ್ಲ. ನೆಲ್ಡಾ ಅಮ್ಮಾ, ನೀವು ಇತ್ತ ಬನ್ನಿ. ಈ ಹುಡುಗಿ ಮೂರು ದಿನದಿಂದ ನನ್ನ ಕಿವೀಲಿ ನಿಮ್ಮ ದನಿ ಹಾಡ್ತಿದ್ದಾಳೆ. ಒಂದು ಸ್ವರ ತಪ್ಪಿಲ್ಲ."

ಬೇಡ ಎನ್ನಬೇಕಿತ್ತು. ಹಾಲಿಸ್ ಆಗಲೇ ಕೋಕ್ ಬಾಟಲಿಯ ಮರದ ಪೆಟ್ಟಿಗೆಯೊಂದನ್ನು ಕಾಲಿನಿಂದ ಮೈಕಿನ ಮುಂದಕ್ಕೆ ತಳ್ಳುತ್ತಿದ್ದ.

"ಹತ್ತಿ ಮೇಡಂ. ಟೋಪಿ ಸ್ವಲ್ಪ ಹಿಂದಕ್ಕೆ. ನನ್ನ ಬಾಯಿ ಕಾಣಬೇಕು ನಿಮಗೆ."

"ಗೊತ್ತು," ಎಂದಳು ಡೀನಾ. "ಅಮ್ಮ ಕಣ್ಣು ನೋಡಿ ತಪ್ಪು ಮಾಡೋದು."

ಅವನು ನಕ್ಕ, ಕೆಮ್ಮಿದ, ಕೈ ಎತ್ತಿ ಓರ್ವಿಲ್‌ಗೆ ಸನ್ನೆ ಮಾಡಿದ.

ನಾನು ಗಾಜಿನ ಆಚೆ ಓರ್ವಿಲ್ ಪಕ್ಕಕ್ಕೆ ಹೋಗಿ ನಿಂತೆ. ನಮ್ಮ ಜನ ಒಂದು ಮಾತು ಹೇಳುತ್ತಾರೆ, ಹಾಡುವವರಿಗೆಲ್ಲ ಅದು ಗೊತ್ತು. ಎಷ್ಟೇ ಅಭ್ಯಾಸ ಮಾಡಿದರೂ ಎರಡು ದನಿಯ ನಡುವೆ ಕೂದಲಷ್ಟು ಸಂದಿ ಇದ್ದೇ ಇರುತ್ತದೆ. ಒಂದೇ ರಕ್ತದವರು ಹಾಡಿದಾಗ ಮಾತ್ರ ಆ ಸಂದಿ ಇರುವುದಿಲ್ಲ. ಮೂಗಿನ ಮೂಳೆ, ಅಂಗುಳಿನ ಬಾಗು, ಹಲ್ಲಿನ ಸಾಲು ಒಂದೇ ಅಚ್ಚಿನವು. ದನಿಗೆ ಬೇರೆ ದಾರಿಯಿಲ್ಲ. ಮೂರು ವರ್ಷ ಹಾಲಿಸ್‌ನ ಉಸಿರನ್ನು ಉಸಿರಾಡಿದ ನನಗೂ ಆ ಸಂದಿಯನ್ನು ಮುಚ್ಚಲು ಆಗಿರಲಿಲ್ಲ.

ಅವರಿಬ್ಬರೂ ಹಾಡಿದರು. ಸಂದಿ ಇರಲಿಲ್ಲ.

ಒಂದೇ ದನಿ ತನ್ನ ಮೇಲೆ ತಾನೇ ಮಡಚಿಕೊಂಡು ಕೂತಂತಿತ್ತು, ಒಂದು ಬದಿ ಸವೆದು ಹರಿದಿದ್ದರೆ ಇನ್ನೊಂದು ಬದಿ ಹೊಚ್ಚಹೊಸದು. ಅವನ ಉಸಿರು ಜೇಬಿನ ಸಾಲಿನ ನಡುವೆ ತುಂಡಾಯಿತು. ಅವಳದೂ ಅಲ್ಲೇ ತುಂಡಾಯಿತು. ಅವನ ತುಟಿ ಎಡಗಡೆಗೆ ಎದ್ದಿತು. ಅವಳದೂ ಎದ್ದಿತು; ಅದು ನೋಡಿ ಕಲಿತದ್ದಲ್ಲ, ತೊಟ್ಟಿಲಿನಿಂದ ಇರುವ ನಗು, ಒಂಬತ್ತು ವರ್ಷದಿಂದ ನಾನು ದಿನಾ ಬೆಳಿಗ್ಗೆ ತೊಳೆದು ಒರೆಸುತ್ತಿರುವ ನಗು.

ಕೊನೆಯ ತಂತಿಯ ನಾದ ಅಡಗಿತು. ಹಾಲಿಸ್ ಹೆಡ್‌ಫೋನು ಕಿತ್ತು ಕೊರಳಿಗೆ ಹಾಕಿಕೊಂಡು, ಗೋಡೆಗೆ ತಿರುಗಿ, ಕರವಸ್ತ್ರದಲ್ಲಿ ಮುಖ ಹುದುಗಿಸಿ ಕೆಮ್ಮತೊಡಗಿದ. ಡೀನಾ ಪೆಟ್ಟಿಗೆಯ ಮೇಲೆ ನಿಂತೇ ಇದ್ದಳು, ಎರಡೂ ಕಿವಿಯ ಮೇಲೆ ಆ ದೊಡ್ಡ ಹೆಡ್‌ಫೋನು.

ಓರ್ವಿಲ್ ಯಂತ್ರದ ಮೇಲೆ ಮೊಣಕೈ ಊರಿ ಕೂತುಬಿಟ್ಟಿದ್ದ.

"ನಲವತ್ತು ವರ್ಷದಲ್ಲಿ ಹೀಗೆ ಕೂಡಿದ್ದನ್ನ ಮೂರು ಸಲ ಕೇಳಿದ್ದೀನಿ," ಎಂದ, ನನಗೋ ತನಗೋ ಹೇಳಿಕೊಳ್ಳುವಂತೆ. "ಎರಡು ಸಲ ಅಣ್ಣತಮ್ಮಂದಿರು. ಒಂದು ಸಲ ಅಪ್ಪ, ಮಗಳು. ನೆಲ್ಡಾ ಅಮ್ಮಾ, ಇದು ಅವನ ಕೂಸು."

ಗಾಜಿನ ಆಚೆ ಡೀನಾ ತಲೆ ಎತ್ತಿದಳು.

ಆಗ ನೋಡಿದೆ. ಓರ್ವಿಲ್‌ನ ಮೊಣಕೈ ಕೆಳಗೆ ಸಣ್ಣ ಕೆಂಪು ದೀಪ ಉರಿಯುತ್ತಿತ್ತು. ಒಳಗಿನವರ ಹೆಡ್‌ಫೋನಿಗೆ ಮಾತು ಕಳಿಸುವ ಗುಂಡಿಯ ಮೇಲೆ ಅವನ ಮೊಣಕೈ ಇತ್ತು. ಅವನೂ ನೋಡಿದ. ಬೆಂಕಿ ತಾಗಿದವನ ಹಾಗೆ ಕೈ ಎಳೆದುಕೊಂಡ.

ಹಾಲಿಸ್ ಇನ್ನೂ ಕೆಮ್ಮುತ್ತಿದ್ದ. ಡೀನಾ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಮೆಲ್ಲಗೆ ತೆಗೆದಳು, ಒಡೆಯುವ ಸಾಮಾನನ್ನು ಇಳಿಸುವ ಹಾಗೆ ಕೊಕ್ಕೆಗೆ ಹಾಕಿದಳು. ಪೆಟ್ಟಿಗೆಯಿಂದ ಇಳಿದು ಅವನ ಹತ್ತಿರ ಹೋಗಿ, ಬೆನ್ನು ಸವರಿದಳು. ವೆಂಡೆಲ್‌ಗೆ ಕೆಮ್ಮು ಬಂದಾಗ ನಾನು ಮಾಡುತ್ತಿದ್ದುದನ್ನು ಅವಳು ನೋಡಿದ್ದಳು.

ಬೀಳ್ಕೊಡುವುದಕ್ಕೆ ಹೆಚ್ಚು ಸಮಯವಿರಲಿಲ್ಲ. ಅವನ ಅಕ್ಕ ಕಾರಿನ ಬಾಗಿಲು ತೆರೆದು ಹಿಡಿದಿದ್ದಳು. ಬೆಳಕಿಗೆ ಅವನ ಮುಖ ಕಾಗದದ ಬಣ್ಣವಾಗಿತ್ತು. ದನಿ ಪೂರ್ತಿ ಹೋಗಿ ಬರೀ ಗಾಳಿ ಉಳಿದಿತ್ತು. ಮಾತಾಡಬೇಕಾದರೆ ನನ್ನ ಕಿವಿಗೆ ತುಟಿ ತಾಗಿಸಬೇಕಾಯಿತು.

"ರೆಕಾರ್ಡು ಹೊರಗೆ ಬರುವಾಗ," ಎಂದ, "ನಾನೂ ಎಲ್ಲರ ಹಾಗೆ ರೇಡಿಯೋ ಮುಂದೆ ಕೂತು ಕೇಳ್ತಿರ್ತೀನಿ. ಯಾರೋ ಬೇರೆಯವನು ಹಾಡಿದ್ದು ಅನ್ನೋ ಹಾಗೆ. ಇರ್ತೀನಲ್ಲ ಅಷ್ಟು ದಿನ?"

"ಇರ್ತೀಯ."

"ನಿನಗೆ ಸುಳ್ಳು ಹಾಡೋಕೆ ಬರಲ್ಲ, ಆದ್ರೆ ಹೇಳೋಕೆ ಬರುತ್ತೆ." ಅವನ ತುಟಿ ನನ್ನ ಕೆನ್ನೆಗೆ ಬಂದು, ಬಾಯಿಯ ಅಂಚಿಗೆ ಬಂದು, ನಿಂಬೆಯ ವಾಸನೆ ಬಿಟ್ಟು ಹೋಯಿತು. "ಇನ್ನೇನಾದ್ರೂ ಇದೆಯಾ, ನೆಲ್ಡಾ? ನಾನು ಉತ್ತರ ಕೊಡೋ ಹಾಗಿರುವಾಗಲೇ ಹೇಳಿಬಿಡು."

ಅವನ ಭುಜದ ಮೇಲಿಂದ ಡೀನಾ ಕಂಡಳು. ಅವಳು ನನ್ನ ಬಾಯನ್ನು ನೋಡುತ್ತಿದ್ದಳು. ಅದು ತೆರೆಯಬಹುದೆಂದು, ತೆರೆದರೆ ತಾನೂ ತೆರೆಯಬೇಕೆಂದು, ಉಸಿರು ಹಿಡಿದು ನಿಂತಿದ್ದಳು.

ತೆರೆಯಲಿಲ್ಲ.

"ಹುಷಾರು," ಎಂದೆ. ಎಂಥ ಮಾತು! ಬಸ್ಸು ಹತ್ತಿಸುವಾಗ ಆಡುವ ಮಾತು.

ಕಾರು ಬೀದಿಯ ತಿರುವು ದಾಟುವವರೆಗೂ ಅವನ ಕೈ ಕಿಟಕಿಯ ಹೊರಗಿತ್ತು.

ನಾವೂ ಹೊರಟೆವು. ನಾನು ಕನ್ನಡಿ ಸರಿಮಾಡಿದೆ, ಅದು ಸರಿಯಾಗಿಯೇ ಇತ್ತು. ಹೆದ್ದಾರಿಗೆ ಹತ್ತುವ ಮೊದಲಿನ ಸಿಗ್ನಲಿನಲ್ಲಿ ಕೆಂಪು ಬಿತ್ತು. ನೆಟ್ಟಗೆ ಹೋದರೆ ಮನೆ, ಎರಡು ಗಂಟೆ. ಬಲಕ್ಕೆ ತಿರುಗಿದರೆ ಆಸ್ಪತ್ರೆಯ ದಾರಿಯ ನೀಲಿ ಹಲಗೆ. ಅವಳ ಕಡೆ ತಿರುಗುವ ಧೈರ್ಯವಿರಲಿಲ್ಲ. ಅವಳು ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು: ಹೌದಾ ಅಲ್ಲವಾ, ನಮ್ಮಪ್ಪ ನಮ್ಮಪ್ಪ ಅಲ್ಲವಾ, ಯಾಕೆ ಹೇಳಲಿಲ್ಲ. ಮೂರಕ್ಕೂ ಉತ್ತರ ಜೋಡಿಸಿಕೊಳ್ಳುತ್ತಿದ್ದೆ, ಯಾವುದೂ ನಿಲ್ಲುತ್ತಿರಲಿಲ್ಲ.

"ಅಮ್ಮಾ."

"ಏನು ಪುಟ್ಟೀ?"

ಈ ಸಲ ಅವಳು ಹಸಿವು ಎನ್ನಲಿಲ್ಲ, ಏನಿಲ್ಲ ಎನ್ನಲಿಲ್ಲ. ಸೀಟಿನಲ್ಲಿ ನೆಟ್ಟಗೆ ಕೂತಳು. ದೀಪ ಹಸಿರಾಯಿತು. ಹಿಂದಿನ ಲಾರಿಯವನು ಹಾರನ್ ಹೊಡೆದ. ಅವಳು ಅವನಿಗೆ ಅವಸರವಿದ್ದರೆ ಇರಲಿ ಎಂಬಂತೆ ಕಾದು, ಸದ್ದು ನಿಂತ ಮೇಲೆ ಕೇಳಿದಳು:

"ನಾನು ಮಿಸ್ಟರ್ ಹಾಲಿಸ್ ಮಗಳು ಅಂತ ಅವರಿಗೆ ಗೊತ್ತಾ?"